ದೊಡ್ಡಮ್ಮನ ಎದುರುಮಾತು

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದುಕೊಂಡಿದ್ದೆ, ಅದು ಇಳಿಯುವ ಲಕ್ಷಣ ಕಾಣಲಿಲ್ಲ.

ನಮ್ಮ ದೊಡ್ಡಮ್ಮನದು ಕನ್ನಡಕದ ಅಂಗಡಿ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಬಾಗಿಲು ತೆರೆದರೆ ಎದುರು ಗೋಡೆಗೆ ಅಕ್ಷರಗಳ ಹಲಗೆ, ಈಚೆ ಕಡೆ ಒಂದು ಎತ್ತರದ ಕುರ್ಚಿ. ಗಿರಾಕಿಯನ್ನು ಕೂರಿಸಿ, ಗಾಜು ಬದಲಿಸುತ್ತಾ "ಇದು ಚೆನ್ನಾಗಿದ್ಯಾ, ಅದಾ?" ಎಂದು ಕೇಳುವಳು. ಕೆಲವರು ದಾಕ್ಷಿಣ್ಯಕ್ಕೆ ಎಲ್ಲದಕ್ಕೂ ಹೂಂ ಎನ್ನುತ್ತಿದ್ದರು. ಅಂಥವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. "ನನ್ನ ಖುಷಿಗೆ ಹೂಂ ಅನ್ಬೇಡಿ, ತಲೆನೋವು ಬರೋದು ನಿಮಗೆ" ಎಂದು ಕಡ್ಡಿ ಮುರಿದಂತೆ ಹೇಳಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು.

ಅದೇ ಓಣಿಯ ಕೊನೆಗೆ ನಮ್ಮ ಸಭೆಯ ಮನೆ. ಮಡಚುವ ಕುರ್ಚಿಗಳು, ಒಂದು ಹಳೆಯ ಪಿಯಾನೊ, ಎರಡು ಮೆಟ್ಟಿಲಿನ ವೇದಿಕೆ, ಇಷ್ಟೇ. ದೇವರಿದ್ದಾನೆ ಎನ್ನುವವರೂ ಬರಬಹುದು, ಗೊತ್ತಿಲ್ಲಪ್ಪ ಎನ್ನುವವರೂ ಬರಬಹುದು. ಇದನ್ನು ಕಟ್ಟಿದ ಮೊದಲ ಬೋಧಕರು ಊರಿನ ದೊಡ್ಡ ಪ್ರಾರ್ಥನಾ ಮಂದಿರದಿಂದ ಹೊರಬಿದ್ದವರು. ಉಪದೇಶದ ನಡುವೆ ಎದ್ದು ಒಂದು ಪ್ರಶ್ನೆ ಕೇಳಿದ್ದಕ್ಕೆ ಅಲ್ಲಿ ಕತ್ತು ಹಿಡಿದು ದಬ್ಬಿದ್ದರಂತೆ. ಅದಕ್ಕೇ ಇಲ್ಲಿ ಒಂದು ಪದ್ಧತಿ ಹಾಕಿದರು. ಉಪದೇಶ ಮುಗಿದ ಕೂಡಲೇ ಬೋಧಕರು ವೇದಿಕೆ ಇಳಿದು ಮುಂದಿನ ಸಾಲಿನಲ್ಲಿ ಕೂರಬೇಕು. ಅವರು ನಿಂತಿದ್ದ ಜಾಗಕ್ಕೆ ಯಾರು ಬೇಕಾದರೂ ಹೋಗಿ, ಅವರು ಹೇಳಿದ್ದು ಯಾಕೆ ಒಪ್ಪಿಗೆಯಿಲ್ಲ ಎಂದು ಹೇಳಬಹುದು. ಇದಕ್ಕೆ ಎದುರುಮಾತು ಎಂದು ಹೆಸರು.

ದೊಡ್ಡಮ್ಮ ಲಂಗ ಹಾಕುವ ವಯಸ್ಸಿನಲ್ಲೇ ಆ ಮೆಟ್ಟಿಲು ಹತ್ತಿದವಳು. ಎಲ್ಲ ಪ್ರಾರ್ಥನೆಯೂ ಕೇಳಿಸುತ್ತದೆ ಎಂದು ಮೊದಲ ಬೋಧಕರು ಹೇಳಿದ್ದರು. "ನನ್ನ ತಮ್ಮನಿಗೆ ಜ್ವರ ಬಂದಾಗ ಕೇಳಿಸ್ಲಿಲ್ವಲ್ಲ?" ಎಂದಳು. ಅವರು ಮುಂದಿನ ಸಾಲಿನಿಂದಲೇ, "ನನ್ನ ಹತ್ರ ಉತ್ತರ ಇಲ್ಲಮ್ಮ" ಎಂದರಂತೆ. ಅವತ್ತಿನಿಂದ ಅವಳು ಆ ಸಭೆ ಬಿಡಲಿಲ್ಲ.

ಎರಡನೆಯ ಬೋಧಕರು ಮುಂದಿನ ಸಾಲಿನಲ್ಲಿ ಕೂತರೆ ತೂಕಡಿಸುತ್ತಿದ್ದರು. "ಸ್ವಲ್ಪ ಏಳಿ, ನಿಮ್ಮನ್ನೇ ಬೈತಿರೋದು" ಎಂದು ದೊಡ್ಡಮ್ಮ ವೇದಿಕೆಯಿಂದಲೇ ಎಬ್ಬಿಸುತ್ತಿದ್ದಳು. ಮೂರನೆಯವರು ಹೆಂಗಸು, ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಸಭೆಯಲ್ಲಿ ಮುಗಿಯದ ಜಗಳವನ್ನು ಇಬ್ಬರೂ ಅಂಗಡಿಗೆ ತಂದು, ಚಹಾ ಆರಿ ತಣ್ಣಗಾದರೂ ನಿಲ್ಲಿಸುತ್ತಿರಲಿಲ್ಲ. ಆ ಬೋಧಕಿ ತೀರಿಕೊಂಡಾಗ ದೊಡ್ಡಮ್ಮ ವಾರವಿಡೀ ಅಂಗಡಿ ತೆರೆಯಲಿಲ್ಲ.

ಆಮೇಲೆ ಬಂದವರಿಗೆ ಬೆಣ್ಣೆ ಬೋಧಕರು ಎಂದು ಅವಳೇ ಹೆಸರಿಟ್ಟಳು. ಮಾತು ಅಷ್ಟು ನುಣುಪು. ಎದುರುಮಾತಿನಿಂದ ಹೊಸದಾಗಿ ಬರುವವರ ಮನಸ್ಸು ನೋಯುತ್ತದೆ, ಅದರ ಬದಲು ಎಲ್ಲರೂ ಸೇರಿ ಹಾಡೋಣ ಎಂದರು. ದೊಡ್ಡಮ್ಮ ಬೇಡ ಎನ್ನಲು ಎದ್ದರೆ, "ಅಮ್ಮಾ, ಇವತ್ತು ಚರ್ಚೆ ಬೇಡ. ಹಾಡು ಸಾಕು ಅನ್ನೋರೆಲ್ಲ ಪ್ರೀತಿಯಿಂದ ಕೈ ಎತ್ತೋಣ" ಎಂದು ನಕ್ಕರು. ಕೈಗಳು ಎದ್ದವು! ಪ್ರಶ್ನೆ ಕೇಳಿ ಹೊರಬಿದ್ದವರು ಕಟ್ಟಿದ ಮನೆಯಲ್ಲಿ, ಯಾಕೆ ಎಂದು ಒಬ್ಬರೂ ಕೇಳದೆ ಕೈ ಎತ್ತಿದರು. ಅವರಲ್ಲಿ ಅರ್ಧ ಜನಕ್ಕೆ ಕಣ್ಣು ಪರೀಕ್ಷಿಸಿ ಕನ್ನಡಕ ಕೊಟ್ಟವಳು ಅವಳು. ಅವಳ ಕಡೆ ನೋಡಲು ಮಾತ್ರ ಯಾರಿಗೂ ಆಗಲಿಲ್ಲ.

"ಇನ್ನು ಅಲ್ಲಿಗೆ ಹೋಗೋದೇ ಬೇಡ ದೊಡ್ಡಮ್ಮ" ಎಂದೆ.

"ಯಾಕೆ? ಮನೆ ನಮ್ದು ಕಣೇ. ಬೋಧಕರು ಬಂದು ಹೋಗೋರು" ಎಂದಳು.

ಅವಳ ಬೆನ್ನುಮೂಳೆಗೆ ಕಾಯಿಲೆ ಹತ್ತಿದಾಗಲೂ ಗೋಡೆ ಹಿಡಿದುಕೊಂಡು ಹೋಗುತ್ತಿದ್ದಳು. ಒಂದು ದಿನ ಬೆಣ್ಣೆ ಬೋಧಕರ ಉಪದೇಶ ನೋವಿನ ಮೇಲೆ. ನೋವು ದೇವರು ಕೊಟ್ಟ ವರ ಎಂದು ಹೇಳುತ್ತಾ ಹೇಳುತ್ತಾ ದೊಡ್ಡಮ್ಮನ ಕಡೆ ಕೈ ಚಾಚಿದರು. "ಈ ಅಮ್ಮನನ್ನೇ ನೋಡಿ. ತಮಗೆ ಬಂದಿರೋ ನೋವನ್ನ ವರ ಅಂತಲೇ ಒಪ್ಕೊಂಡಿದ್ದಾರೆ."

ದೊಡ್ಡಮ್ಮ ಮುಂದಿನ ಕುರ್ಚಿ ಹಿಡಿದು ಎದ್ದಳು. ಬೋಧಕರು ಪಿಯಾನೊ ಕಡೆಗೆ ಕಣ್ಣು ಹಾಯಿಸಿದರು. ಹಾಡು ಶುರುವಾಯಿತು. ಅವಳು ನಿಂತೇ ಏನೋ ಹೇಳುತ್ತಿದ್ದಳು, ಪಕ್ಕದಲ್ಲಿದ್ದ ನನಗೂ ಸರಿಯಾಗಿ ಕೇಳಿಸಲಿಲ್ಲ. ಹಾಡು ಮುಗಿಯುವುದರೊಳಗೆ ಕಾಲು ಸೋತು ಕೂತಳು. ಮುಗಿದ ಮೇಲೆ ಜನ ಬಂದು ಅವಳ ಕೈ ಹಿಡಿದು, ಎಂಥ ತಾಳ್ಮೆ ನಿಮ್ಮದು ಎಂದು ಹೊಗಳಿದರು. ನನಗೆ ಅವರ ಕೈ ಕಿತ್ತೆಸೆಯಬೇಕು ಅನ್ನಿಸಿತು.

ಮನೆಗೆ ಬಂದವಳೇ ಮಂಚದ ಅಂಚಿಗೆ ಕೂತು, "ನಾನು ಆಡದೇ ಇರೋ ಮಾತನ್ನ ನನ್ನ ಹೆಸರಿಗೆ ಕಟ್ಟಿಬಿಟ್ರಲ್ಲೇ. ಅಲ್ಲ ಅನ್ನೋಕೂ ಬಿಡ್ಲಿಲ್ಲ" ಎಂದಳು. ಕಾಯಿಲೆಯ ಹೆಸರು ಕೇಳಿ ಅಳದವಳು ಅವತ್ತು ಅತ್ತಳು. ಮುಂದಿನ ವಾರ ಹೋಗಿ ಹೇಳಿಯೇ ತೀರುತ್ತೇನೆ ಎಂದು ಹಟ ಹಿಡಿದಳು. ಆದರೆ ಆ ವಾರ ಹಾಸಿಗೆಯಿಂದ ಏಳಲಾಗಲಿಲ್ಲ. ಆಮೇಲೆ ಏಳಲೇ ಇಲ್ಲ.

ಅವಳು ಹೋದ ಮೇಲೆ ಸಭೆಯಲ್ಲಿ ಅವಳ ನೆನಪಿಗೆಂದು ಎಲ್ಲರೂ ಸೇರಿದ್ದೆವು. ಬೆಣ್ಣೆ ಬೋಧಕರು ಕಣ್ಣು ಮುಚ್ಚಿಕೊಂಡು, "ಯಾರಿಗೂ ಎದುರಾಡದ ಜೀವ. ನೋವನ್ನೂ ನಗ್ತಾ ವರ ಅಂದವರು" ಎಂದರು. ನಾನು ಎದ್ದು ಹೋಗಿ ವೇದಿಕೆಯ ಮೆಟ್ಟಿಲು ಹತ್ತಿ, ಅವರ ಪಕ್ಕದಲ್ಲೇ ನಿಂತೆ. ಬೋಧಕರ ಕಣ್ಣು ಪಿಯಾನೊ ಕಡೆ ಹೋಯಿತು.

ಮೊದಲ ಸಲ ಎಲ್ಲರೂ ಹಾಡಿದರು. ಹಾಡು ಮುಗಿದರೂ ನಾನು ಇಳಿಯಲಿಲ್ಲ. ಅವರು ಅದೇ ಹಾಡನ್ನು ಮತ್ತೆ ಎತ್ತಿದರು. ಈ ಸಲ ಅರ್ಧ ಜನ ಹಾಡಿದರು, ಉಳಿದವರು ತಲೆ ತಗ್ಗಿಸಿದರು. ಮೂರನೇ ಸಲ ಪಿಯಾನೊ ನುಡಿಸುವಾಕೆ ಕೈ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಬೋಧಕರೊಬ್ಬರೇ ಹಾಡಿ, ಎರಡು ಸಾಲಿಗೆ ನಿಂತುಬಿಟ್ಟರು.

"ಬೋಧಕರು ಹೇಳಿದ್ದು ಸುಳ್ಳು" ಎಂದೆ. "ದೊಡ್ಡಮ್ಮ ನೋವಲ್ಲಿ ಕಿರುಚ್ತಿದ್ದಳು. ವರ ಅಂತ ಒಂದು ದಿನವೂ ಅನ್ಲಿಲ್ಲ. ಅಲ್ಲ ಅಂತ ಹೇಳೋಕೆ ಇಲ್ಲೇ ಎದ್ದು ನಿಂತಿದ್ದಳು, ನೀವೆಲ್ಲ ಸೇರಿ ಹಾಡಿದ್ರಿ. ಅವಳು ಜಗಳಗಂಟಿ, ಈ ಮನೆಯಲ್ಲಿ ಎಲ್ಲರ ಜೊತೆಗೂ ಜಗಳ ಆಡಿದವಳು. ಈಗ ನಾನು ಹೇಳಿದ್ದು ಸರಿಯಿಲ್ಲ ಅನ್ನೋರು ಇದ್ರೆ ಬನ್ನಿ, ನಾನು ಕೆಳಗೆ ಕೂತ್ಕೋತೀನಿ."

ಇಳಿದು ಮುಂದಿನ ಸಾಲಿನಲ್ಲಿ ಕೂತೆ.