ಸತ್ತ ಹನುಮಯ್ಯನ ಎಡೆ ಉಂಡ ಶಿವಗಂಗಮ್ಮ

ಶಿವಗಂಗಮ್ಮನವರಿಗೆ ಮತ್ತೆ ಎದೆನೋವು ಬಂದರೆ ಯಾವ ಹೆಸರು ಹೇಳಿ ಆಸ್ಪತ್ರೆಗೆ ಸೇರಿಸುವುದು? ಹಾಲು ಕಾಯಿಸುವಾಗಲೂ ಇದೇ ಯೋಚನೆ, ಮಗುವಿನ ತೊಟ್ಟಿಲು ತೂಗುವಾಗಲೂ ಇದೇ. ನನಗೆ ಮೊದಲೇ ಹೆದರಿಕೆ ಜಾಸ್ತಿ. ಮಗು ಎರಡು ಸಲ ಸೀನಿದರೆ ನ್ಯುಮೋನಿಯಾ ಎಂದುಕೊಳ್ಳುವವಳು ನಾನು. ಆದರೆ ಇದು ಬರೀ ಕಲ್ಪನೆಯಲ್ಲ. ಒಂದು ಸಲ ಆಗಿಹೋಗಿತ್ತು.

ಎಂಬತ್ತಾರನೇ ಇಸವಿಯ ಶ್ರಾವಣ. ಬಸವೇಶ್ವರನಗರದ ನಮ್ಮ ಮನೆಯ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಿದ್ದ ಶಿವಗಂಗಮ್ಮನವರು ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡರು. ಆ ನೋವಿನಲ್ಲೂ ಮಗುವನ್ನು ನನ್ನ ಕೈಗೆ ದಾಟಿಸಿದ ಮೇಲೆಯೇ ಗೋಡೆಗೆ ಒರಗಿದ್ದು. ಆಟೋ ಮಾಡಿಕೊಂಡು ಮಿಲಿಟರಿ ಆಸ್ಪತ್ರೆಯೊಂದಕ್ಕೆ ಓಡಿದೆವು. ಕಿಟಕಿಯಲ್ಲಿದ್ದವನು ಮಾಜಿ ಸೈನಿಕರ ಕಾರ್ಡು ನೋಡಿದ, ಸೀರೆ ನೋಡಿದ.

“ಹವಾಲ್ದಾರ್ ಹನುಮಯ್ಯ ಎಲ್ಲಮ್ಮಾ? ನಿಮ್ಮ ಯಜಮಾನ್ರನ್ನ ಕರ್ಕೊಂಡ್ ಬನ್ನಿ.”

“ನಾನೇ ಕಣಪ್ಪ,” ಎಂದರು ಶಿವಗಂಗಮ್ಮ.

ಹಿಂದೆ ಸಾಲಿನಲ್ಲಿದ್ದವರು ಕಿಸಕ್ಕೆಂದರು. ಬೇರೆಯವರ ಕಾರ್ಡು ತಂದರೆ ಪೊಲೀಸಿಗೆ ಕೊಡುತ್ತೇನೆಂದು ಅವನು ಕಿಟಕಿ ಎಳೆದುಕೊಂಡ. ಕೊನೆಗೆ ಉಳಿಸಿದ್ದು ವಿಜಯನಗರದ ಖಾಸಗಿ ಡಾಕ್ಟರೊಬ್ಬರು, ನಾಲಿಗೆಯಡಿಗೆ ಇಟ್ಟ ಒಂದು ಮಾತ್ರೆ. ಇನ್ನೊಮ್ಮೆ ಬಂದರೆ ದೊಡ್ಡಾಸ್ಪತ್ರೆಯೇ ಬೇಕು ಎಂದೂ ಹೇಳಿ ಕಳಿಸಿದರು.

ಅವರು ಹುಟ್ಟಿದ್ದು ಹೇರೋಹಳ್ಳಿಯಲ್ಲಿ, ಮನೆಯ ಹಿರಿಮಗನಾಗಿ, ಹನುಮಯ್ಯ ಎಂಬ ಹೆಸರಿನಲ್ಲಿ. ತಾಯಿ ಊರಿನ ಮಕ್ಕಳಿಗೆಲ್ಲ ಎಣ್ಣೆ ಹಚ್ಚಿ ಎರೆಯುತ್ತಿದ್ದಾಕೆ. ಆ ಕೈ ಇವರಿಗೆ ಅಲ್ಲಿಂದಲೇ ಬಂದದ್ದು. ಹದಿನೆಂಟಕ್ಕೇ ಸೇನೆ ಸೇರಿ ಹಿಮದ ರಸ್ತೆಗಳಲ್ಲಿ ಲಾರಿ ಓಡಿಸಿದರು. ತಾನು ಗಂಡಸಲ್ಲ ಎಂದು ಅವರಿಗೆ ಬುದ್ಧಿ ಬಂದಾಗಿನಿಂದಲೂ ಗೊತ್ತಿತ್ತಂತೆ. “ಹೇಳಿದ್ರೆ ಯಾರ್ ಕೇಳೋರು? ಸ್ಟೇರಿಂಗ್‌ಗೆ ಹೇಳ್ತಿದ್ದೆ,” ಎನ್ನುತ್ತಿದ್ದರು. ರಿಟೈರಾದ ವರ್ಷ ಶಿವಗಂಗೆ ಬೆಟ್ಟ ಹತ್ತುವಾಗ ಮೈಮೇಲೆ ಪ್ಯಾಂಟು ಶರ್ಟು, ಇಳಿಯುವಾಗ ಹಸಿರು ಸೀರೆ. ಹೆಸರೂ ಬೆಟ್ಟದ್ದೇ. ತಮ್ಮ ನಾರಾಯಣಪ್ಪ ಊರೊಳಗೆ ಕಾಲಿಡಲು ಬಿಡದಿದ್ದಾಗ ನಮ್ಮ ಹಿತ್ತಲಿನ ಕೋಣೆಗೆ ಬಾಡಿಗೆಗೆ ಬಂದರು. ವರ್ಷಕ್ಕೊಂದು ಸಲ, ಪಿಂಚಣಿಗಾಗಿ ಬದುಕಿದ್ದೇನೆಂದು ಮುಖ ತೋರಿಸುವ ದಿನ ಮಾತ್ರ, ಹಳೇ ಪ್ಯಾಂಟು ತೊಟ್ಟು ಜಡೆಯನ್ನು ಟೋಪಿಯೊಳಗೆ ತುರುಕಿಕೊಂಡು ಹೋಗುತ್ತಿದ್ದರು. ಆ ದಿನ ಅವರು ಮಗುವನ್ನು ಎತ್ತಿಕೊಳ್ಳುತ್ತಿರಲಿಲ್ಲ.

ಆಸ್ಪತ್ರೆಯ ಅವಮಾನವಾದ ಮೇಲೆ ನಾನೇ ಹಟ ಹಿಡಿದು, ಸೇನೆಯ ದಾಖಲೆಯಲ್ಲಿ ಹೆಸರು ಬದಲಿಸಲು ಅರ್ಜಿ ಬರೆದೆ. ಆಗುವುದಿಲ್ಲ ಎಂದು ಅಲ್ಲಿಂದ ಬರಲಿಲ್ಲ. ನಿಮ್ಮ ಹತ್ತಿರದ ಸಂಬಂಧಿ ಎಂದು ನೀವೇ ಬರೆಸಿದ್ದ ತಮ್ಮ, ಈಕೆ ಆ ಹನುಮಯ್ಯನೇ ಎಂದು ನೋಟರಿಯ ಎದುರು ಬರೆದುಕೊಡಲಿ ಎಂದು ಉತ್ತರ ಬಂತು. ಅಷ್ಟೇ. ಒಬ್ಬ ನಾರಾಯಣಪ್ಪನ ಒಂದು ರುಜು.

ಹೇಳಿಕಳಿಸಿದ್ದಕ್ಕೆ ಅವನ ಜವಾಬು: “ನಮ್ಮಣ್ಣ ತೀರ್ಕೊಂಡ. ಈ ಸಲ ಮಾಲಯ ಅಮಾಸೆಗೆ ಎಡೆ ಇಡ್ತಾ ಇದೀವಿ.”

ಇದನ್ನು ಕೇಳಿ ಶಿವಗಂಗಮ್ಮ ಅಳಲಿಲ್ಲ. ಟ್ರಂಕಿನಿಂದ ಹಸಿರು ಸೀರೆ ತೆಗೆದು ಒದರಿದರು. “ಎಡೆ ಇಡ್ತಾವ್ನಂತೆ. ಉಣ್ದೇ ಇದ್ರೆ ಪಾಪ, ಬೇಜಾರ್ ಮಾಡ್ಕೊಂಡಾನು.”

ಅಮಾವಾಸ್ಯೆಯ ದಿನ ಅವರೊಬ್ಬರನ್ನೇ ಕಳಿಸಲು ಧೈರ್ಯ ಬರಲಿಲ್ಲ. ಮಗುವನ್ನು ಸೊಂಟಕ್ಕೇರಿಸಿಕೊಂಡು ನಾನೂ ಮಾಗಡಿ ರೋಡಿನ ಬಸ್ಸು ಹತ್ತಿದೆ. ಹೇರೋಹಳ್ಳಿಯ ಆ ಮನೆಯ ಮುಂದೆ ನೆಂಟರೆಲ್ಲ ನಿಂತಿದ್ದರು. ಎಡೆ ಇಟ್ಟ ಮೇಲೆ ಮನೆಯವರು ಬಾಗಿಲು ಮುಚ್ಚಿ ಹೊರಗೆ ಕಾಯಬೇಕು. ಸತ್ತ ಹಿರಿಯರು ಒಳಗೆ ಬಂದು ಉಂಡು ಹೋಗುತ್ತಾರೆಂದು ಅಲ್ಲಿಯ ನಂಬಿಕೆ. “ನೀನಿಲ್ಲೇ ಇರವ್ವ,” ಎಂದವರು ಹಿತ್ತಲ ಕಡೆ ಹೋದರು. ಹುಟ್ಟಿದ ಮನೆ, ಹಿಂಬಾಗಿಲ ಚಿಲಕ ಎಲ್ಲಿ ಸಡಿಲವೆಂದು ಅವರಿಗೆ ಗೊತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ನಾರಾಯಣಪ್ಪ ಮುಂಬಾಗಿಲು ತೆಗೆದ. ನಡುಮನೆಯಲ್ಲಿ ಯೂನಿಫಾರ್ಮಿನ ಹನುಮಯ್ಯನ ಫೋಟೋ, ಅದಕ್ಕೆ ಸೇವಂತಿಗೆ ಹಾರ. ಮುಂದಿದ್ದ ಎಲೆಗೆ ಶಿವಗಂಗಮ್ಮ ಕೂತು ಮುದ್ದೆ ಮುರಿದು ಮಾಂಸದ ಸಾರಿಗೆ ಅದ್ದುತ್ತಿದ್ದರು. ಯಾರೋ ಹೆಂಗಸು ಚಿಟ್ಟನೆ ಚೀರಿದಳು.

“ಸಾರಿಗೆ ಉಪ್ಪು ಕಮ್ಮಿ ಕಣೋ ನಾಣಿ. ಅದ್ಸರಿ, ಈ ರಮ್ಮು ಯಾರಿಗಿಟ್ಟೆ? ನಾನ್ ಯಾವತ್ತ್ ಮುಟ್ಟಿದ್ದೆ? ಸತ್ತೋರ ಹೆಸ್ರಲ್ಲಿ ನಿಂಗ್ ಬೇಕಾದ್ದು ಇಟ್ಕೊಂಡ್ಯಾ?”

“ಯಾವ್ದೋ ಹುಚ್ಚಿ! ಎಳೆದ್ ಹಾಕ್ರೋ ಆಚೆಗೆ!” ನಾರಾಯಣಪ್ಪ ಹೊಸ್ತಿಲಲ್ಲೇ ನಿಂತು ಕೂಗಿದ.

ಯಾರೂ ಮುಂದೆ ಬರಲಿಲ್ಲ. ಜಗಲಿಯ ಮೂಲೆಯಲ್ಲಿದ್ದ ಸೋದರತ್ತೆ ಬೋರಮ್ಮ ಮಾತ್ರ, “ಉಣ್ಣೋರ್ನ ಎಬ್ಬಿಸ್‌ಬ್ಯಾಡ್ರೋ, ಒಳ್ಳೇದಲ್ಲ,” ಎಂದು ಗೊಣಗಿದರು.

ಪೂರಾ ಉಂಡು, ಎಲೆ ಮಡಚಿ, ಫೋಟೋದ ಹಾರದಿಂದ ಒಂದು ಸೇವಂತಿಗೆ ಕಿತ್ತು ಮುಡಿದುಕೊಂಡು ಮುಂಬಾಗಿಲಿನಿಂದಲೇ ಹೊರಬಂದರು. ಬಸ್ಸಿನಲ್ಲಿ ನಾನು ಯಾರಾದರೂ ಹಿಂದೆ ಬರುತ್ತಿದ್ದಾರೆಯೇ ಎಂದು ತಿರುತಿರುಗಿ ನೋಡುತ್ತಿದ್ದೆ. ಅವರು ಮಗುವಿಗೆ ಕಿಟಕಿಯಾಚೆಯ ಲಾರಿಗಳನ್ನು ತೋರಿಸುತ್ತಿದ್ದರು.

ದೀಪಾವಳಿ ಹತ್ತಿರವಾದಾಗ ನಾರಾಯಣಪ್ಪ ತಾನಾಗಿ ನಮ್ಮ ಗೇಟಿಗೆ ಬಂದ. ಕೈಯಲ್ಲೊಂದು ಚೀಲ, ಅದರೊಳಗೆ ಇಸ್ತ್ರಿ ಮಾಡಿದ ಪ್ಯಾಂಟು ಶರ್ಟು. ಅಣ್ಣನಿಗೂ ಪಾಲಿದ್ದ ಅಪ್ಪನ ಜಮೀನನ್ನು ಲೇಔಟ್ ಮಾಡುವ ಸೊಸೈಟಿಯೊಂದಕ್ಕೆ ಮಾರುವುದಾಗಿ ಮಾತು ಕೊಟ್ಟಿದ್ದನಂತೆ. ಸೊಸೈಟಿಯ ವಕೀಲರು ಅಣ್ಣ ಸತ್ತದ್ದಕ್ಕೆ ಸರ್ಟಿಫಿಕೇಟ್ ಕೇಳಿದ್ದರು. ಪಿಂಚಣಿ ತೆಗೆದುಕೊಳ್ಳುತ್ತಿರುವವರು ಸತ್ತಿದ್ದಾರೆಂದು ಯಾರು ಬರೆದುಕೊಡುತ್ತಾರೆ? ಈಗ ಅವನಿಗೆ ಅಣ್ಣ ಬದುಕಿರಬೇಕಿತ್ತು.

“ಸೋಮವಾರ ಒಂದಿನ ಇದನ್ ಹಾಕ್ಕೊಂಡ್ ರಿಜಿಸ್ಟ್ರಾರ್ ಆಫೀಸ್‌ಗೆ ಬಾರಣ್ಣ. ಒಂದ್ ಸೈನು. ಆಮೇಲೆ ನಿನ್ ಪಾಡಿಗೆ ನೀನಿರು.”

“ಸತ್ತೋನ್ ಎಲ್ಲಿಂದ ಬರ್ತಾನೋ? ಎಡೆ ಇಟ್ಟಿದ್ದಲ್ವಾ?”

“ಹಂಗನ್‌ಬ್ಯಾಡಣ್ಣ.”

“ಅಣ್ಣ ಅಲ್ಲ. ಮೊದ್ಲು ನೋಟರಿ ಹತ್ರ ಹೋಗಿ, ಶಿವಗಂಗಮ್ಮ ನಮ್ಮಕ್ಕ, ಹನುಮಯ್ಯ ಅಂತ ಕರೀತಿದ್ದಿದ್ದು ಇವ್ರನ್ನೇ ಅಂತ ಬರ್ದು ರುಜು ಹಾಕು. ಉಳಿದಿದ್ದು ಆಮೇಲೆ.”

“ಊರಲ್ಲಿ ಮಾನ ಹೋಗ್ತದೆ!”

“ನಂದು ಹೋದಾಗ ನೀನ್ ಹಾರ ಹಾಕ್ದೆ. ನಿಂದು ಹೋದಾಗ ನಾನೂ ಹಾಕ್ತೀನಿ ಬಿಡು.”

ಅವನು ನನ್ನ ಕಡೆ ತಿರುಗಿದ. “ಅಮ್ಮಾವ್ರೇ, ಓದಿದೋರು ನೀವು. ಇಂಥೋರ ಕೈಲಿ ಮಗೂಗೆ ಎರೆಸ್ತೀರಾ? ಬೀದೀಲೆಲ್ಲ ಹೇಳಿದ್ರೆ ಏನಾಗತ್ತೆ ಗೊತ್ತಾ?”

ಬೀದಿಯಲ್ಲಿ ಯಾರಾದರೂ ಕೇಳಿಸಿಕೊಂಡರೇನೋ ಎಂದು ನಾನು ಗೇಟಿನಾಚೆ ನೋಡಿದೆ. ಅವನು ತಮ್ಮೂರಿನ ಪಕ್ಕದ ಸುಂಕದಕಟ್ಟೆಯ ದಿನಸಿ ಅಂಗಡಿಯ ಫೋನ್ ನಂಬರನ್ನು ಚೀಟಿಯಲ್ಲಿ ಬರೆದಿಟ್ಟು, ಅಣ್ಣ ಒಪ್ಪಿದರೆ ತಿಳಿಸಿ, ಸಂಜೆಯೆಲ್ಲ ಅಲ್ಲೇ ಇರುತ್ತೇನೆ ಎಂದು ಹೇಳಿ ಹೋದ.

“ಫೋನ್ ಮಾಡ್‌ಬ್ಯಾಡ,” ಎಂದರು ಶಿವಗಂಗಮ್ಮ. “ಕೂತಿರ್ಲಿ ಅಂಗಡಿ ಕಟ್ಟೆ ಮೇಲೆ. ಸೋಮವಾರ ಕಳೀಲಿ, ಸೊಸೈಟಿಯೋರು ಬಂದು ಕುತ್ತಿಗೆ ಹಿಡೀಲಿ. ನನ್ನ ಅಟ್ಟಿದಾಗ ನಾನೂ ಬಸ್‌ಸ್ಟ್ಯಾಂಡ್ ಕಟ್ಟೆ ಮೇಲೆ ಕೂತಿದ್ದೆ.”

ಅವರ ಸಿಟ್ಟು ನನಗೆ ಅರ್ಥವಾಗುತ್ತಿತ್ತು, ನನಗೂ ಅದೇ ಸಿಟ್ಟಿತ್ತು. ಆದರೆ ಆ ಮಧ್ಯಾಹ್ನ ನೀರಿನ ಕೊಡ ಇಳಿಸುವಾಗ ಅವರು ಒಂದು ಕ್ಷಣ ನಿಂತು ಎಡಗೈ ಉಜ್ಜಿಕೊಂಡರು. ಏನಿಲ್ಲ, ವಾಯು ಎಂದರು. ನನ್ನ ಕಣ್ಣ ಮುಂದೆ ಆ ಆಸ್ಪತ್ರೆಯ ಕಿಟಕಿ ಬಂತು. ಸೋಮವಾರ ಕಳೆದರೆ ನಾರಾಯಣಪ್ಪನಿಗೆ ನಷ್ಟ, ನಿಜ. ಆಮೇಲೆ ಅವನು ರುಜು ಹಾಕುವುದೂ ಇಲ್ಲ. ಸೇಡು ತೀರುತ್ತದೆ, ಹೆಸರು ಮಾತ್ರ ಹನುಮಯ್ಯ ಎಂದೇ ಉಳಿಯುತ್ತದೆ. ಇತ್ತ ಬೀದಿಯವರ ಮಾತಿನ ಭಯ, ಅತ್ತ ಆ ಕಿಟಕಿಯ ಭಯ. ಸಂಜೆ ಮಗುವನ್ನು ಅವರ ಮಡಿಲಿಗೆ ಹಾಕಿ, ನಮ್ಮವರ ಇಲಾಖೆಯ ದಯೆಯಿಂದ ಮನೆಯಲ್ಲಿದ್ದ ಕಪ್ಪು ಫೋನಿನ ಮುಂದೆ ಕೂತೆ. ಡಯಲ್ ತಿರುಗಿಸಿದೆ.

ಅಂಗಡಿಯವನು ಕೂಗಿ ಕರೆದ. ನಾರಾಯಣಪ್ಪ ಓಡಿಬಂದ ಸದ್ದು ಕೇಳಿತು.

“ಒಪ್ಪಿದ್ನಾ ಅಮ್ಮಾವ್ರೇ, ಅಣ್ಣ?”

“ಯಾವಣ್ಣ? ಹನುಮಯ್ಯನವರು ತೀರ್ಕೊಂಡ್ರಲ್ಲ, ನೀವೇ ಎಡೆ ಇಟ್ರಿ. ಇಲ್ಲಿರೋದು ಶಿವಗಂಗಮ್ಮ. ಯಾರ ಹತ್ರ ಮಾತಾಡ್‌ಬೇಕು?” ನನ್ನ ದನಿ ನನಗೇ ಗುರುತು ಸಿಗಲಿಲ್ಲ. “ಬೀದೀಲೆಲ್ಲ ಹೇಳ್ತೀರಂತಲ್ಲ, ಹೇಳಿ. ಮಗೂಗೆ ನಾಳೆನೂ ಅವರೇ ಎರೆಯೋದು.”

ಆ ಕಡೆಯಿಂದ ಕೇಳಿಸುತ್ತಿದ್ದದ್ದು ತಕ್ಕಡಿಯ ಸರಪಳಿ, ಜನರ ಗುಜುಗುಜು.

“ಅಂಗಡೀಲಿ ಯಾರ್ಯಾರಿದಾರೆ?” ಎಂದು ಕೇಳಿದೆ.

“ಊರೋರೇ ಇದಾರೆ,” ಎಂದ ಸಣ್ಣಗೆ.

“ಒಳ್ಳೇದಾಯ್ತು. ಶನಿವಾರ ಬೆಳಿಗ್ಗೆ ನೋಟರಿ ಹತ್ರ ಏನ್ ಹೇಳ್ತೀರೋ ಅದನ್ನ ಈಗ ಅಲ್ಲೇ ಹೇಳಿ. ಅಂಗಡೀಲಿರೋರಿಗೆಲ್ಲ ಕೇಳಿಸ್ಬೇಕು. ಇಲ್ಲಾಂದ್ರೆ ಫೋನ್ ಇಡ್ತೀನಿ, ಸೋಮವಾರ ಫೋಟೋನ ಕರ್ಕೊಂಡ್ ಹೋಗಿ.”

ರಿಸೀವರನ್ನು ಶಿವಗಂಗಮ್ಮನವರ ಕಡೆ ಚಾಚಿದೆ. ಅದರಿಂದ ನಾರಾಯಣಪ್ಪನ ದನಿ ಬಿಡಿಬಿಡಿಯಾಗಿ ಬಂತು: “ಶಿವಗಂಗಮ್ಮ... ನಮ್ಮಕ್ಕ.”

ಅಂಗಡಿಯ ಗುಜುಗುಜು ನಿಂತಿತು.

ಶಿವಗಂಗಮ್ಮ ಮಗುವಿನ ಬೆನ್ನು ತಟ್ಟುತ್ತಲೇ ಇದ್ದರು. ತಲೆಯೆತ್ತಿ ನನ್ನನ್ನು ನೋಡಿದರು.

“ಇನ್ನೊಂದ್ ಸಲ ಹೇಳಕ್ ಹೇಳವ್ವ,” ಎಂದರು. “ಇನ್ನೂ ಸ್ವಲ್ಪ ಜೋರಾಗಿ.”