ಹಸಿರು ಸೀರೆ ಮತ್ತು ದೇವರ ರಾಜ್ಯ

ಮಹಾರಾಜರ ಕಾಲದ ಹುಣಸೂರಿನಲ್ಲಿ, ನಮ್ಮ ಸಾಬರ ಮನೆಯಲ್ಲಿ ಉರ್ದು ಕೇಳಿಸುತ್ತಿದ್ದದ್ದು ಮೈಸೂರಿನ ನೆಂಟರು ಬಂದಾಗ ಮಾತ್ರ. ಬೇಸಾಯ, ಬೈಗುಳ, ಹೊಗೆಸೊಪ್ಪಿನ ವ್ಯಾಪಾರ ಎಲ್ಲವೂ ಕನ್ನಡದಲ್ಲೇ. ಉತ್ತರದ ಕಡೆಯ ಮೌಲ್ವಿಯೊಬ್ಬರು ನಮ್ಮ ಜಗಲಿಯಲ್ಲಿ ಬಿಡಾರ ಹೂಡಿದರು. ಕೆಲವು ವರ್ಷ ಮೈಸೂರಿನಲ್ಲಿದ್ದು ಕನ್ನಡ ಕಲಿತಿದ್ದರೂ ಭಾಷಣವೆಲ್ಲ ನಯವಾದ ಉರ್ದುವಿನಲ್ಲೇ. ಅರ್ಥವಾಗದವರೇ ಹೆಚ್ಚು ತಲೆದೂಗುತ್ತಿದ್ದರು.

ದೇವರ ರಾಜ್ಯ ತರಲು ಹೊರಟ ಮಹಾನುಭಾವರಿಗೆ ರಾಗಿಮುದ್ದೆ ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನನ್ನ ಫೂಫಿ, ಅಂದರೆ ಅಪ್ಪನ ತಂಗಿ, ಅವರಿಗೆಂದೇ ದಿನವೂ ಚಪಾತಿ ಲಟ್ಟಿಸುತ್ತಿದ್ದಳು. ಗಂಡ ಸತ್ತ ಮೇಲೆ ತವರಿಗೆ ಬಂದಿದ್ದ ಅವಳು ಹಗಲೆಲ್ಲ ಹೊಗೆಸೊಪ್ಪು ಆರಿಸಿ, ಕಟ್ಟು ಕಟ್ಟಿ, ಸಂಜೆ ಒಲೆ ಊದುತ್ತಿದ್ದಳು. ಅಪ್ಪ ಊರವರ ಮುಂದೆ "ತಂಗೀನ ಸಾಕ್ತಾ ಇವ್ನಿ" ಎನ್ನುತ್ತಿದ್ದರು. ಸಾಕುವುದು ಅಂದರೆ ಅದು!

ಸಂಜೆ ನಮಾಜಾದ ಮೇಲೆ ಗಂಡಸರು ಜಗಲಿಯಲ್ಲಿ ಸೇರುತ್ತಿದ್ದರು. ಪರದೆಯ ಹಿಂದೆ ನಾನು, ಫೂಫಿ; ಮೈಸೂರಿನ ನೆಂಟರ ದೆಸೆಯಿಂದ ನಮಗಿಬ್ಬರಿಗೂ ಉರ್ದು ತಿಳಿಯುತ್ತಿತ್ತು. ಮನುಷ್ಯ ಮನುಷ್ಯನಿಗೆ ತಲೆಬಾಗುವುದೇ ಎಲ್ಲ ಕೇಡಿಗೂ ಮೂಲ. ದೊರೆ, ಬಿಳಿಯ ದೊರೆ, ಸಾಹುಕಾರ ಮೂವರೂ ದೇವರ ಜಾಗದಲ್ಲಿ ಕುಳಿತ ಕಳ್ಳರು. ಅವರ ಕಾನೂನು ಕಿತ್ತೆಸೆದು ದೇವರ ಕಾನೂನು ತರಬೇಕು ಎನ್ನುವುದು ಮೌಲ್ವಿಯವರ ವಾದ. ನಾನು ಗೇಲಿ ಮಾಡುತ್ತಿದ್ದೇನೆ, ನಿಜ. ಆದರೆ ಅವರ ಸಿಟ್ಟು ಸುಳ್ಳಲ್ಲ. ತೋಟದ ದೊರೆಯ ಬೂಟಿನ ಏಟು ತಿಂದವರು, ಅಮಲ್ದಾರರ ಕಚೇರಿ ಮುಂದೆ ಬಿಸಿಲಲ್ಲಿ ಒಣಗಿದವರು ಆ ಜಗಲಿಯಲ್ಲೇ ಇದ್ದರು. ಅವರ ಹೊಟ್ಟೆಯುರಿಗೆ ಮೊದಲ ಸಲ ಯಾರೋ ಮಾತು ಕೊಟ್ಟಿದ್ದರು. ನನಗೂ ಮೈ ಜುಮ್ಮೆನ್ನುತ್ತಿತ್ತು. ಹೊಗೆಸೊಪ್ಪಿನ ಮಂಡಿ ಇಟ್ಟುಕೊಂಡ ಅಪ್ಪ ಯಾಕೆ ಎಲ್ಲರಿಗಿಂತ ಜೋರಾಗಿ "ವಾಹ್ ವಾಹ್" ಎನ್ನುತ್ತಾರೆ ಎಂಬುದಷ್ಟೇ ತಿಳಿಯುತ್ತಿರಲಿಲ್ಲ. ಅಪ್ಪನ ಲೆಕ್ಕದಲ್ಲಿ ಸಾಹುಕಾರ ಅಂದರೆ ಪಕ್ಕದ ಬೀದಿಯವನು.

ನಮ್ಮಲ್ಲಿ ಒಂದು ವಾಡಿಕೆಯಿತ್ತು. ಹೆಣ್ಣು ಗಂಡನ ಮನೆಗೆ ಹೊರಡುವಾಗ ಅಣ್ಣ ಒಂದು ಸೀರೆ ಕೊಡುತ್ತಾನೆ, ಅವಳು "ಮಾಫ್", ಅಂದರೆ ನನ್ನ ಹಕ್ಕು ಬಿಟ್ಟೆ, ಎಂದು ಈಸಿಕೊಳ್ಳುತ್ತಾಳೆ. ಅಲ್ಲಿಗೆ ತವರಿನ ಹೊಲದಲ್ಲಿ ಅವಳ ಪಾಲು ಮುಗಿಯಿತು. ಒಂದು ಸಂಜೆ ಮೌಲ್ವಿಯವರು ಇದರ ಮೇಲೆ ಹರಿಹಾಯ್ದರು. "ದೇವರು ಹೆಣ್ಣಿಗೆ ಕೊಟ್ಟ ಪಾಲನ್ನು ಒಂದು ಸೀರೆ ಕೊಟ್ಟು ಕಸಿಯುವವರು ದೇವರನ್ನಲ್ಲ, ತಮ್ಮ ಅಜ್ಜಂದಿರನ್ನು ಪೂಜಿಸುವವರು!" ಅಪ್ಪ ಎಂದಿನಂತೆ "ವಾಹ್" ಎಂದರು.

ಫೂಫಿ ಎದ್ದು ಒಳಗೆ ಹೋದಳು. ಬಂದಾಗ ಕೈಯಲ್ಲಿ ಅವಳ ಮದುವೆಯಲ್ಲಿ ಅಪ್ಪ ಕೊಟ್ಟಿದ್ದ ಹಸಿರು ಸೀರೆ, ಮಡಿಕೆ ಬಿಚ್ಚದ್ದು. ಪರದೆ ಸರಿಸಿ ನಡೆದವಳೇ ಅದನ್ನು ಅಪ್ಪನ ತೊಡೆಯ ಮೇಲಿಟ್ಟಳು.

"ತಕೋ ಅಣ್ಣ, ನಿನ್ನ ಸೀರೆ. ಒಂದಿನಾನೂ ಉಟ್ಟಿಲ್ಲ ಕಣಣ್ಣ. ಹೊಳೆ ಪಕ್ಕದ ಹೊಲದಲ್ಲಿ ನನ್ನ ಪಾಲು ಕೊಟ್ಬುಡು."

ಅಪ್ಪ ಮೌಲ್ವಿಯವರ ಮುಖ ನೋಡಿದರು. ಮೌಲ್ವಿಯವರು ಸೂರು ನೋಡಿದರು. ನಾಳೆಯ ಚಪಾತಿ ಯಾರ ಮನೆಯದು ಎಂದು ಅಲ್ಲಿ ಬರೆದಿತ್ತೋ ಏನೋ.

"ತಂಗೀ, ಮೊದಲು ದೇಶದಲ್ಲಿ ದೇವರ ರಾಜ್ಯ ಬರಲಿ. ಆಮೇಲೆ ಇದೆಲ್ಲ ತಾನಾಗಿ ಸರಿಹೋಗುತ್ತದೆ," ಎಂದು ಮೌಲ್ವಿಯವರು ಕನ್ನಡದಲ್ಲೇ ಅಂದರು.

"ನನ್ನ ಹೊಲ ಇಲ್ಲೇ ಕೂಗಳತೇಲಿ ಐತೆ, ಮೌಲ್ವಿ ಸಾಬ್ರೇ. ನಿಮ್ಮ ರಾಜ್ಯ ಎಲ್ಲೀಗಂಟ ಬಂದೈತೆ?"

ಬೂಟಿನ ಏಟು ತಿಂದವರೂ, ಅಯ್ಯೋ, ಅವರೂ ತಮ್ಮ ತಮ್ಮ ಅಕ್ಕತಂಗಿಯರನ್ನು ನೆನೆದು ನೆಲ ನೋಡಿದರು. ಆವತ್ತು ನನಗೆ ಬಂದ ರೋಷ ಈಗಲೂ ಆರಿಲ್ಲ.

ಮಾರನೆಯ ದಿನದಿಂದ ಫೂಫಿ ಮುದ್ದೆ ಮಾತ್ರ ಮಾಡಿದಳು. ದೇವರ ರಾಜ್ಯ ಆ ವಾರವೇ ಪಿರಿಯಾಪಟ್ಟಣದ ಕಡೆಗೆ ಗಾಡಿ ಹತ್ತಿತು. ಹೊಲ ಅಪ್ಪನ ಬಳಿಯೇ ಉಳಿಯಿತು, ಸೀರೆಯೂ.

ಮುಂದಿನ ವರ್ಷ ನನ್ನ ಮದುವೆ. ಹೊರಡುವ ಹೊತ್ತಿಗೆ ನನ್ನ ಅಣ್ಣ ತಟ್ಟೆಯಲ್ಲಿ ಸೀರೆ ಹಿಡಿದು ಬಂದ. ಹಸಿರು. ಅದೇ ಮಡಿಕೆ.

"ಮಾಫ್ ಅನ್ನೇ, ಗಾಡಿ ಕಾಯ್ತಾ ಐತೆ," ಎಂದು ಹೆಂಗಸರು ಅವಸರ ಮಾಡಿದರು. ಬಾಗಿಲ ಬಳಿ ನಿಂತಿದ್ದ ಫೂಫಿಯ ಮುಖ ನೋಡಿದೆ. ಮದರಂಗಿ ಹಚ್ಚಿದ ಎರಡು ಕೈಗಳನ್ನೂ ಸೆರಗಿನೊಳಕ್ಕೆ ಎಳೆದುಕೊಂಡು, ಬಾಯಿ ಬಿಡದೆ ಗಾಡಿ ಹತ್ತಿದೆ.