ಬಾಕಿ ನಲವತ್ತಮೂರು

ಕಂಪ್ಯೂಟರಿಗೆ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಹಾಕಿದ ದಿನದಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಅಪ್‌ಡೇಟ್ ಮಾಡಿದ ತಾರೀಕು, ಎಷ್ಟು ಬಂದವು, ಎಷ್ಟು ಬಾಕಿ. ಕೊನೆಯ ಕಾಲಮಿನಲ್ಲಿ ಸೊನ್ನೆ ಇರದಿದ್ದರೆ ನನಗೆ ಆ ದಿನ ಊಟ ರುಚಿಸುವುದಿಲ್ಲ.

ಕಳೆದ ಶುಕ್ರವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಪರದೆಯ ಮೂಲೆಯಲ್ಲಿ ಬಾಕಿ 43 ಎಂದು ಕಂಡಿತು. ಹನ್ನೊಂದಕ್ಕೆ ಅದೇ ಕಂಪ್ಯೂಟರಿನಲ್ಲಿ ಅಕ್ಕನ ಸಂದರ್ಶನವಿತ್ತು. ಅವಳು ನರ್ಸ್, ಗಲ್ಫಿನ ಆಸ್ಪತ್ರೆಯೊಂದರವರು ವಿಡಿಯೊದಲ್ಲಿ ಮಾತಾಡಿ, ಪರದೆಯ ಮೇಲೆಯೇ ಒಂದು ಪರೀಕ್ಷೆಯನ್ನೂ ಕೊಡುವವರಿದ್ದರು. ಮೊಬೈಲ್ ನಡೆಯುವುದಿಲ್ಲವೆಂದು ಮೇಲ್‌ನಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಎಲ್ಲ ಸರಿಯಾಗಿರಲಿ ಎಂದು ನಾನು ಅಪ್‌ಡೇಟ್ ಒತ್ತಿದೆ.

ಬಂದದ್ದರಲ್ಲಿ ಹೊಸ ಕರ್ನಲ್, ಅಂದರೆ ವ್ಯವಸ್ಥೆಯ ತಿರುಳೂ ಇತ್ತು. ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಡ್ರೈವರ್ ಅದಕ್ಕೆ ಹೊಂದಿಕೊಳ್ಳಲಿಲ್ಲ. ಮರಳಿ ಚಾಲೂ ಮಾಡಿದಾಗ ಪರದೆ ಕಪ್ಪು. ಫ್ಯಾನ್ ತಿರುಗುತ್ತಿತ್ತು, ಬೇರೇನೂ ಇಲ್ಲ. ಮೂರು ಸಲ ಆರಿಸಿ ಹಾಕಿದೆ. ಮೂರು ಸಲವೂ ಕಪ್ಪು.

ಅಕ್ಕ ಅರ್ಧ ಹೆಣೆದ ಜಡೆ ಹಿಡಿದುಕೊಂಡು ಬಂದಳು.

"ಎಂತ ಆಯ್ತು?"

"ಅಪ್‌ಡೇಟ್ ಮಾಡಿದೆ."

"ಇವತ್ತೇ ಮಾಡ್ಲಿಕ್ಕೆ ಉಂಟಾ ಮಾರಾಯ? ನಾಳೆಗೆ ಅದು ಓಡಿ ಹೋಗ್ತಿತ್ತಾ?"

ಕಾವೂರಿನಲ್ಲಿರುವ ಅಕ್ಕನ ಗೆಳತಿಯ ಲ್ಯಾಪ್‌ಟಾಪ್ ತರಬಹುದೇ ಎಂದು ಅಮ್ಮ ಕೇಳಿದರು. ಆಗ ಹತ್ತೂ ಇಪ್ಪತ್ತು. ಗೆಳತಿ ಡ್ಯೂಟಿಯಲ್ಲಿದ್ದಳು, ಫೋನ್ ಎತ್ತಲಿಲ್ಲ. ಉರ್ವ ಮಾರ್ಕೆಟಿನ ಸೈಬರ್ ಕೆಫೆಯಲ್ಲಿ ಗಲಾಟೆ, ಅಲ್ಲಿ ಕೂತು ಸಂದರ್ಶನ ಕೊಡಲಾಗದು.

ಚಾಲೂ ಆಗುವಾಗ, ಪರದೆ ಕಪ್ಪಾಗುವ ಮೊದಲೇ, ಒಂದು ಕೀ ಒತ್ತಿ ಹಿಡಿದರೆ ಹಳೆಯ ಕರ್ನಲ್‌ಗಳ ಪಟ್ಟಿ ಬರುತ್ತದೆ. ಬಂತು, ಎರಡಿದ್ದವು. ಹಿಂದೊಮ್ಮೆ ಅವುಗಳಲ್ಲಿ ಒಂದರಿಂದಲೂ ಪರದೆ ಕಪ್ಪಾಗಿತ್ತು. ಯಾವುದರಿಂದ? ನೋಟ್‌ಬುಕ್ ತೆರೆದೆ. ಆ ದಿನದ ತಾರೀಕು ಇತ್ತು, ಬಂದ ಅಪ್‌ಡೇಟ್‌ಗಳ ಲೆಕ್ಕ ಇತ್ತು, ಬಾಕಿ ಸೊನ್ನೆ ಎಂದೂ ಇತ್ತು. ಕರ್ನಲ್‌ನ ಸಂಖ್ಯೆಯನ್ನು ಮಾತ್ರ ನಾನು ಬರೆದಿರಲಿಲ್ಲ. ಅಷ್ಟು ದಿನ ಎಣಿಸಿದ್ದೇ ಎಣಿಸಿದ್ದು.

ಅಂದಾಜಿನ ಮೇಲೆ ಕೆಳಗಿನದನ್ನು ಆಯ್ದುಕೊಂಡೆ. ಅಕ್ಕ ನನ್ನ ಹಿಂದೆ ನಿಂತು ಜಡೆ ಮುಗಿಸುತ್ತಿದ್ದಳು. ಕೊನೆಗೆ ಪರದೆ ಬೆಳಗಿತು. ಅವಳು ಕುರ್ಚಿಯಲ್ಲಿ ಕೂತಾಗ ಹನ್ನೊಂದಕ್ಕೆ ನಾಲ್ಕು ನಿಮಿಷ ಇತ್ತು. ನಾನು ಬಾಗಿಲ ಹೊರಗೆ ಐವತ್ತೆರಡು ನಿಮಿಷ ಕೂತೆ. ಒಳಗೆ ಅವಳ ದನಿ ಸ್ವಲ್ಪ ನಿಂತರೂ ಪರದೆ ಹೋಯಿತೆಂದೇ ಅನಿಸುತ್ತಿತ್ತು.

ಸಂಜೆ ಮೇಲ್ ಬಂತು. ಮುಂದಿನ ಗುರುವಾರ ಎರಡನೇ ಸುತ್ತು. ಅಕ್ಕ ನನ್ನ ನೋಟ್‌ಬುಕ್ ತೆಗೆದುಕೊಂಡು, ಬಾಕಿ ಕಾಲಮಿನಲ್ಲಿ ಗುರುವಾರದವರೆಗೂ ಉದ್ದಕ್ಕೆ ಗೆರೆ ಎಳೆದು, "ಮುಟ್ಟಬಾರದು" ಎಂದು ಬರೆದಳು. ಆ ಗೆರೆಯ ಪಕ್ಕದಲ್ಲಿ ಈಗ ನಡೆಯುತ್ತಿರುವ ಕರ್ನಲ್‌ನ ಸಂಖ್ಯೆಯನ್ನು ಬರೆದಿಟ್ಟಿದ್ದೇನೆ. ಮೂಲೆಯಲ್ಲಿ ಮತ್ತೆ ಅಂಕಿ ಏರುತ್ತಿದೆ. ಇವತ್ತು ಭಾನುವಾರ, ಬಾಕಿ ಹದಿನೇಳು. ಇನ್ನೂ ನಾಲ್ಕು ದಿನ ಇದೆ.